ಆಕ್ಸೆಸ್ ಡಿನೈಡ್ ಬಂತಾ? ಅಡ್ಮಿನ್ ಕೊಡುವ ಮೊದಲು ಇಷ್ಟು ನೋಡಿ

ಕ್ಲೌಡ್‌ನಲ್ಲಿ ಪರ್ಮಿಷನ್ ಎರರ್ ಬಂದರೆ ನಮ್ಮ ಕಡೆಯ ಸಣ್ಣ ಆಫೀಸುಗಳಲ್ಲಿ ಆಗುವುದು ಒಂದೇ. ಯಾರಾದರೂ ಒಬ್ಬರು ಕನ್ಸೋಲ್ ತೆರೆದು ಆ ಯೂಸರ್‌ಗೆ ಅಡ್ಮಿನಿಸ್ಟ್ರೇಟರ್ ಆಕ್ಸೆಸ್ ಹಾಕಿಬಿಡುತ್ತಾರೆ. ಎರರ್ ಹೋಗುತ್ತದೆ. "ನಾಳೆ ತೆಗೆದರಾಯ್ತು" ಅಂತಾರೆ. ಆ ನಾಳೆ ಬರುವುದೇ ಇಲ್ಲ. ಮುಂದಿನ ವರ್ಷ ನೋಡಿದರೆ, ಬಿಲ್ಲಿನ ಫೋಟೋ ಅಪ್‌ಲೋಡ್ ಮಾಡುವ ಪುಟ್ಟ ಸ್ಕ್ರಿಪ್ಟ್‌ಗೆ ಇಡೀ ಅಕೌಂಟನ್ನೇ ಒರೆಸಿ ಹಾಕುವ ಅಧಿಕಾರ ಇರುತ್ತದೆ. ಇನ್ನೂ ತಮಾಷೆ ಎಂದರೆ ಕೆಲವು ಸಲ ಅಡ್ಮಿನ್ ಕೊಟ್ಟರೂ ಎರರ್ ಅಲ್ಲೇ ಇರುತ್ತದೆ, ಯಾಕೆಂದರೆ ತೊಂದರೆ ಇದ್ದದ್ದೇ ಬೇರೆ ಕಡೆ.

ಮಂಗಳೂರಿನ ಬಿಜೈ, ಕದ್ರಿಯಲ್ಲಿ, ಮಣಿಪಾಲದಲ್ಲಿ ಎರಡು ಮೂರು ಜನರ ಆಫೀಸಿನಲ್ಲಿ ಕೂತು ಹೋಂಸ್ಟೇ ಬುಕಿಂಗ್, ಗೇರುಬೀಜ ಫ್ಯಾಕ್ಟರಿಯ ಸ್ಟಾಕ್, ಮೀನು ಎಕ್ಸ್‌ಪೋರ್ಟ್‌ನ ಬಿಲ್ ಎಲ್ಲವನ್ನೂ ನೋಡಿಕೊಳ್ಳುವವರು ಇದ್ದಾರಲ್ಲ, ಅವರಿಗಾಗಿ ಇದು. ಉದಾಹರಣೆಗಳು ಜಾಸ್ತಿ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನವು. ಗೂಗಲ್ ಮತ್ತು ಮೈಕ್ರೋಸಾಫ್ಟ್‌ನ ಅಝೂರ್ ಬಳಸುವವರಿಗೂ ಹುಡುಕುವ ಕ್ರಮ ಇದೇ, ಅಲ್ಲಿನ ವಿಶೇಷಗಳನ್ನು ಮುಂದೆ ಹೇಳುತ್ತೇನೆ.

ಕೇಳಿದ್ದು ಯಾರು? ಕೇಳಿದ್ದು ಏನು? ಬೇಡ ಅಂದದ್ದು ಯಾರು? ಈ ಮೂರಕ್ಕೆ ಉತ್ತರ ಸಿಗುವ ತನಕ ನಾನು ಒಂದೇ ಒಂದು ಪರ್ಮಿಷನ್ ಮುಟ್ಟುವುದಿಲ್ಲ. ಎಲ್ಲರೂ ಎರಡನೆಯದರಿಂದ ಶುರು ಮಾಡುತ್ತಾರೆ, ಅಂದರೆ ಸೀದಾ ಪಾಲಿಸಿ (ಯಾರು ಏನು ಮಾಡಬಹುದು ಎಂದು ಬರೆದಿಟ್ಟ ಪಟ್ಟಿ) ತೆರೆದು ಅದರಲ್ಲಿ ಯಾವ ಆಕ್ಷನ್ ಬಿಟ್ಟುಹೋಗಿದೆ ಎಂದು ಹುಡುಕಲು ಕೂರುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪು ಜಾಸ್ತಿ ಸಿಗುವುದು ಒಂದನೆಯದರಲ್ಲಿ ಮತ್ತು ಮೂರನೆಯದರಲ್ಲಿ.

ಎರರ್ ಪೂರ್ತಿ ಓದಿ

"ಆಕ್ಸೆಸ್ ಎರರ್ ಬರ್ತಾ ಉಂಟು ಮಾರಾಯ್ರೆ, ನಿನ್ನೆ ಸರಿ ಇತ್ತು" ಎಂದು ಫೋನ್ ಬಂದರೆ ಮೊದಲು ಸ್ಕ್ರೀನ್‌ಶಾಟ್ ಕೇಳಿ. ಅರ್ಧ ಕತ್ತರಿಸಿದ್ದಲ್ಲ, ಪೂರ್ತಿ. ಜನ ಆಕ್ಸೆಸ್ ಎರರ್ ಅನ್ನುವುದರೊಳಗೆ ನಾಲ್ಕೈದು ಬೇರೆ ಬೇರೆ ತೊಂದರೆಗಳು ಇರುತ್ತವೆ.

ಪೇಜ್ ಸುತ್ತುತ್ತಾ ಸುತ್ತುತ್ತಾ ಕೊನೆಗೆ ಟೈಮ್‌ಔಟ್ ಆದರೆ ಅದು ಪರ್ಮಿಷನ್ ಅಲ್ಲವೇ ಅಲ್ಲ. ನಿಮ್ಮ ಮಾತು ಸರ್ವರ್ ತನಕ ಹೋಗಿಲ್ಲ. ಸೆಕ್ಯುರಿಟಿ ಗ್ರೂಪ್ (ಎಡಬ್ಲ್ಯುಎಸ್ ಸರ್ವರ್‌ನ ಮುಂದಿನ ಕಾವಲು), ಫೈರ್‌ವಾಲ್, ಐಪಿ ವಿಳಾಸ ಇವನ್ನು ನೋಡಬೇಕು. ಕನೆಕ್ಷನ್ ರಿಫ್ಯೂಸ್ಡ್ ಅಂದರೆ ಸಾಮಾನ್ಯವಾಗಿ ಮಷಿನ್ ತನಕ ಹೋಗಿದೆ, ಆ ಪೋರ್ಟ್‌ನಲ್ಲಿ ಯಾವ ಸರ್ವಿಸೂ ಓಡುತ್ತಿಲ್ಲ. ಇವೆರಡಕ್ಕೂ ಪಾಲಿಸಿ ತಿದ್ದುತ್ತಾ ಕೂತರೆ ದಿನ ಹೋಗುತ್ತದೆ ಅಷ್ಟೆ.

401 ಅಂದರೆ ನೀವು ಯಾರು ಎಂಬುದೇ ಸರ್ವರ್‌ಗೆ ಖಾತ್ರಿ ಆಗಿಲ್ಲ. ಪಾಸ್‌ವರ್ಡ್, ಟೋಕನ್, ಕೀ (ಪ್ರೋಗ್ರಾಂಗಳು ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಅಕ್ಷರಗಳ ಸಾಲು) ನೋಡಿ. 403 ಅಂದರೆ ಮಾತು ಅರ್ಥವಾಗಿದೆ, ಆದರೆ ಆಗುವುದಿಲ್ಲ ಎಂದಿದೆ. ಪುಸ್ತಕದ ಲೆಕ್ಕ ಇದು. ಎಡಬ್ಲ್ಯುಎಸ್‌ನಲ್ಲಿ ಫೈಲ್ ಇಡುವ ಸೇವೆಯಾದ ಎಸ್3 ಇದನ್ನು ಅಷ್ಟು ಅಚ್ಚುಕಟ್ಟಾಗಿ ಪಾಲಿಸುವುದಿಲ್ಲ. ಆಕ್ಸೆಸ್ ಕೀ ತಪ್ಪಿದ್ದರೂ 403, ಕೀಯಿಂದ ಹಾಕುವ ಡಿಜಿಟಲ್ ಸಹಿ ಹೊಂದದಿದ್ದರೂ 403, ನಿಮ್ಮ ಕಂಪ್ಯೂಟರಿನ ಗಡಿಯಾರ ತಪ್ಪಿದ್ದರೂ 403. ಹಾಗಾಗಿ ಅಂಕಿ ನೋಡಿ ನಿಲ್ಲಬೇಡಿ, ಅದರ ಪಕ್ಕದಲ್ಲಿರುವ ಕೋಡ್ ಹೆಸರು ನೋಡಿ. ‘ಆಕ್ಸೆಸ್‌ಡಿನೈಡ್’ ಅಂತಿದ್ದರೆ ಮಾತ್ರ ಪರ್ಮಿಷನ್ ಕಡೆ ಹೋಗಿ. ‘ಇನ್‌ವ್ಯಾಲಿಡ್‌ಆಕ್ಸೆಸ್‌ಕೀಐಡಿ’, ‘ಸಿಗ್ನೇಚರ್‌ಡಸ್‌ನಾಟ್‌ಮ್ಯಾಚ್’, ‘ರಿಕ್ವೆಸ್ಟ್‌ಟೈಮ್‌ಟೂಸ್ಕ್ಯೂಡ್’ ಅಂತಿದ್ದರೆ ಪಾಲಿಸಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಉಂಟು, ಬಹಳ ಜನರ ತಲೆ ತಿನ್ನುವಂಥದ್ದು. ಬಕೆಟ್‌ನಲ್ಲಿ, ಅಂದರೆ ಎಸ್3ನಲ್ಲಿ ಫೈಲ್ ಇಡುವ ಡಬ್ಬಿಯಲ್ಲಿ, ಆ ಫೈಲೇ ಇಲ್ಲ ಅಂತಿಟ್ಟುಕೊಳ್ಳಿ. ಆಗ 404, ಅಂದರೆ ಸಿಗಲಿಲ್ಲ ಎಂಬ ಉತ್ತರ, ಬರಬೇಕು ಅಲ್ವಾ? ಬಕೆಟ್ ಪಟ್ಟಿ ನೋಡುವ ಪರ್ಮಿಷನ್, ಅಂದರೆ ‘ಲಿಸ್ಟ್‌ಬಕೆಟ್’, ನಿಮಗೆ ಇಲ್ಲದಿದ್ದರೆ ಎಸ್3 404 ಕೊಡುವುದಿಲ್ಲ, 403 ಕೊಡುತ್ತದೆ. ಫೈಲ್ ಇದೆಯೋ ಇಲ್ಲವೋ ಎಂಬ ಸುಳಿವನ್ನೂ ಬೇರೆಯವರಿಗೆ ಕೊಡಬಾರದು ಎಂಬುದು ಅದರ ಲೆಕ್ಕ. ಆದ್ದರಿಂದ ಒಂದೇ ಫೋಲ್ಡರಿನ ಕೆಲವು ಫೋಟೋ ಬಂದು ಕೆಲವು ಮಾತ್ರ 403 ಆಗುತ್ತಿದ್ದರೆ ಮೊದಲು ಫೈಲ್ ಹೆಸರು ನೋಡಿ. ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ನಡುವೆ ಒಂದು ಸ್ಪೇಸ್. ಮೊಬೈಲಿನಿಂದ ಬಂದ ಫೋಟೋಗಳಲ್ಲಿ ಕೊನೆಯ ‘ಜೆಪಿಜಿ’ ಒಮ್ಮೆ ದೊಡ್ಡಕ್ಷರದಲ್ಲಿ, ಒಮ್ಮೆ ಚಿಕ್ಕಕ್ಷರದಲ್ಲಿ ಇರುತ್ತದೆ. ವಿಂಡೋಸ್‌ಗೆ ಎರಡೂ ಒಂದೇ, ಎಸ್3ಗೆ ಅಲ್ಲ.

ಕೇಳಿದ್ದು ಯಾರು

ಎಡಬ್ಲ್ಯುಎಸ್‌ನಲ್ಲಿ ಇದಕ್ಕೊಂದು ಕಮಾಂಡ್ ಇದೆ: ‘ಎಡಬ್ಲ್ಯುಎಸ್ ಎಸ್‌ಟಿಎಸ್ ಗೆಟ್-ಕಾಲರ್-ಐಡೆಂಟಿಟಿ’. ಇದನ್ನು ಹೊಡೆದರೆ 12 ಅಂಕಿಯ ಅಕೌಂಟ್ ನಂಬರ್ ಮತ್ತು ಯೂಸರ್ ಅಥವಾ ರೋಲ್‌ನ (ಸರ್ವರ್, ಆ್ಯಪ್‌ಗಳಿಗೆ ಕೊಡುವ ಗುರುತು) ಹೆಸರು ಬರುತ್ತದೆ. ಇದನ್ನು ಓಡಿಸಲು ಯಾವ ಪರ್ಮಿಷನ್ನೂ ಬೇಡ. ಹಾಗಾಗಿ ಬೇರೆಲ್ಲ ಬಾಗಿಲು ಮುಚ್ಚಿದ್ದರೂ ಇದು ಓಡುತ್ತದೆ. ಇದೂ ಓಡಲಿಲ್ಲ ಎಂದರೆ ಸಾಮಾನ್ಯವಾಗಿ ಕೀ ಸತ್ತಿದೆ, ಗಡಿಯಾರ ತಪ್ಪಿದೆ, ಇಲ್ಲವೇ ಇಂಟರ್ನೆಟ್ ಇಲ್ಲ.

ಮಂಗಳೂರಿನ ಬಂದರು ಕಡೆಯ ಒಂದು ಆಫೀಸಿನ ಕಥೆ ಹೇಳುತ್ತೇನೆ. ಅಲ್ಲಿ ಒಂದು ವಿಂಡೋಸ್ ಕಂಪ್ಯೂಟರಿನಿಂದ ದಿನಾ ಸಂಜೆ ಬಿಲ್‌ಗಳ ಪಿಡಿಎಫ್ ಬಕೆಟ್‌ಗೆ ಹೋಗಬೇಕು. ಹಳೆ ಯೂಸರ್‌ನ ಪರ್ಮಿಷನ್ ಕಡಿಮೆ ಮಾಡಿ, ಹೊಸ ಯೂಸರ್ ಮಾಡಿ, ಹೊಸ ಕೀಯನ್ನು ಕ್ರೆಡೆನ್ಷಿಯಲ್ಸ್ ಫೈಲಿಗೆ ಹಾಕಿದ್ದರು. ಆದರೂ ಆಕ್ಸೆಸ್ ಡಿನೈಡ್. ಪಾಲಿಸಿಯನ್ನು ಇಬ್ಬರು ಓದಿದ್ದರು, ಪಾಲಿಸಿ ಸರಿಯಾಗಿಯೇ ಇತ್ತು. ಆ ಕಮಾಂಡ್ ಹೊಡೆದರೆ ಬಂದ ಹೆಸರು ಹಳೆ ಯೂಸರ್‌ದು! ಆಮೇಲೆ ‘ಎಡಬ್ಲ್ಯುಎಸ್ ಕಾನ್ಫಿಗರ್ ಲಿಸ್ಟ್’ ಹೊಡೆದೆವು. ಇದು ಕೀ ಎಲ್ಲಿಂದ ಬಂತು ಎಂಬುದನ್ನು ಒಂದು ಕಾಲಂನಲ್ಲಿ ತೋರಿಸುತ್ತದೆ. ಅಲ್ಲಿ ‘ಎನ್ವ್’ ಅಂತ ಇತ್ತು. ಹಿಂದೆ ಯಾರೋ ವಿಂಡೋಸ್‌ನ ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಪ್ರೋಗ್ರಾಂಗಳೆಲ್ಲ ಓದುವ ಸೆಟ್ಟಿಂಗ್) ಹಳೆ ಕೀ ಹಾಕಿ ಬಿಟ್ಟಿದ್ದರು. ಕಮಾಂಡ್‌ನಲ್ಲಿ ಪ್ರೊಫೈಲ್ ಹೆಸರು ಕೊಡದಿದ್ದರೆ ಟೂಲ್ ಮೊದಲು ನೋಡುವುದು ಈ ವೇರಿಯಬಲ್‌ಗಳನ್ನು, ಫೈಲನ್ನು ಆಮೇಲೆ. ಅಂದರೆ ಫೈಲನ್ನು ಎಷ್ಟು ಸಲ ತಿದ್ದಿದರೂ ಅದನ್ನು ಕೇಳುವವರೇ ಇಲ್ಲ. ವೇರಿಯಬಲ್ ಅಳಿಸಿ, ಕಮಾಂಡ್ ವಿಂಡೋ ಮುಚ್ಚಿ ಹೊಸದಾಗಿ ತೆರೆದ ಮೇಲೆ ಸರಿಯಾಯಿತು. ಹೊಸ ವಿಂಡೋ ತೆರೆಯುವುದನ್ನು ಮರೆಯಬೇಡಿ, ಹಳೆಯದರಲ್ಲಿ ಹಳೆ ಕೀಯೇ ಕೂತಿರುತ್ತದೆ.

ಇದೇ ಜಾತಿಯ ಇನ್ನೊಂದು: "ನನ್ನ ಲ್ಯಾಪ್‌ಟಾಪ್‌ನಲ್ಲಿ ಬರ್ತದೆ, ಸರ್ವರ್‌ನಲ್ಲಿ ಬರುವುದಿಲ್ಲ." ಬರಬಾರದು ಕೂಡ. ಲ್ಯಾಪ್‌ಟಾಪ್‌ನಲ್ಲಿ ಕೇಳುತ್ತಿರುವುದು ನೀವು, ಸರ್ವರ್‌ನಲ್ಲಿ ಕೇಳುತ್ತಿರುವುದು ಆ ಸರ್ವರ್‌ಗೆ ಅಂಟಿಸಿದ ರೋಲ್. ನಿಮ್ಮ ಯೂಸರ್‌ಗೆ ಎಷ್ಟು ಅಧಿಕಾರ ಕೊಟ್ಟರೂ ಆ ಆ್ಯಪ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಹಾಗೆಯೇ, ಕೈಯಲ್ಲಿ ಓಡಿಸಿದರೆ ಓಡುವ ಸ್ಕ್ರಿಪ್ಟ್ ಕ್ರಾನ್‌ನಲ್ಲಿ (ಲಿನಕ್ಸ್‌ನಲ್ಲಿ ಹೊತ್ತಿಗೆ ಸರಿಯಾಗಿ ತಾನಾಗಿ ಓಡಿಸುವ ಟೂಲ್) ಓಡದಿದ್ದರೆ ಅದು ಯಾರ ಹೆಸರಿನಲ್ಲಿ ಓಡುತ್ತಿದೆ ನೋಡಿ. ನೀವು ಕೀ ಇಟ್ಟದ್ದು ನಿಮ್ಮ ಹೋಮ್ ಫೋಲ್ಡರಿನಲ್ಲಿ, ಕ್ರಾನ್ ಓಡುತ್ತಿರುವುದು ರೂಟ್ (ಸರ್ವರ್‌ನ ಮುಖ್ಯ ಯೂಸರ್) ಆಗಿ, ರೂಟ್‌ನ ಹೋಮ್ ಬೇರೆ. ಕಾಲರ್ ಐಡೆಂಟಿಟಿಯ ಆ ಒಂದು ಸಾಲನ್ನು ಕ್ರಾನ್ ಸ್ಕ್ರಿಪ್ಟ್‌ನ ತಲೆಯ ಮೇಲೇ ಹಾಕಿ ಲಾಗ್‌ಗೆ ಬರೆಸಿ, ಒಂದೇ ಸಲಕ್ಕೆ ಗೊತ್ತಾಗುತ್ತದೆ. ಅಕೌಂಟ್ ನಂಬರ್‌ನ ಕೊನೆಯ ನಾಲ್ಕು ಅಂಕಿಯನ್ನೂ ನೋಡಿ. ಟೆಸ್ಟ್ ಅಕೌಂಟ್‌ನಲ್ಲಿ ನಿಂತು ನಿಜವಾದ ಅಕೌಂಟ್‌ನ ಸರ್ವರ್ ಹುಡುಕುವವರು ಬೇಕಾದಷ್ಟು ಜನ ಇದ್ದಾರೆ.

ಬೇಡ ಅಂದದ್ದು ಯಾರು

ನಿಯಮ ಸುಲಭ. ಪಾಲಿಸಿಗಳಲ್ಲಿ ಯಾರೂ ಏನೂ ಹೇಳದಿದ್ದರೆ ಉತ್ತರ ‘ಆಗುವುದಿಲ್ಲ’. ಒಂದು ಕಡೆ ಅಲೋ (ಬಿಡಿ ಎಂಬ ಸಾಲು) ಇದ್ದರೆ ಸಾಮಾನ್ಯವಾಗಿ ಹೌದು. ಎಲ್ಲಿಯಾದರೂ ಒಂದು ಕಡೆ ಡಿನೈ (ಬಿಡಬೇಡಿ ಎಂಬ ಸಾಲು) ಇದ್ದರೆ, ಉಳಿದ ಕಡೆ ಹತ್ತು ಅಲೋ ಇದ್ದರೂ ಇಲ್ಲ. ಅಡ್ಮಿನ್‌ಗೂ ಇಲ್ಲ. ಅಡ್ಮಿನ್ ಕೊಟ್ಟರೂ ಎರರ್ ಹೋಗಲಿಲ್ಲ ಎನ್ನುವವರ ಉತ್ತರ ಬಹುಪಾಲು ಇಲ್ಲೇ ಇದೆ.

ಎರರ್ ಸಾಲಿನ ಬಾಲವನ್ನು ಓದಿದರೆ ಅರ್ಧ ಕೆಲಸ ಮುಗಿಯಿತು. ‘ಬಿಕಾಸ್ ನೋ ಐಡೆಂಟಿಟಿ-ಬೇಸ್ಡ್ ಪಾಲಿಸಿ ಅಲೋಸ್’ ಅಂತ ಕೊನೆಯಲ್ಲಿದ್ದರೆ ಯಾರೂ ಬೇಡ ಅಂದಿಲ್ಲ, ಸುಮ್ನೆ ಯಾರೂ ಕೊಟ್ಟಿಲ್ಲ. ಸಾಲಿನಲ್ಲೇ ಆಕ್ಷನ್ ಹೆಸರು ಇರುತ್ತದೆ, ಅದೊಂದನ್ನೇ ಸೇರಿಸಿ. ‘ವಿತ್ ಆ್ಯನ್ ಎಕ್ಸ್‌ಪ್ಲಿಸಿಟ್ ಡಿನೈ’ ಅಂತಿದ್ದರೆ ಸೇರಿಸಿ ಪ್ರಯೋಜನ ಇಲ್ಲ, ಆ ಡಿನೈ ಎಲ್ಲಿದೆ ಎಂದು ಹುಡುಕಬೇಕು. ಯೂಸರ್‌ನ ಪಾಲಿಸಿಯಲ್ಲಿ ಇರಬಹುದು, ಬಕೆಟ್‌ನ ಪಾಲಿಸಿಯಲ್ಲಿ ಇರಬಹುದು, ಪರ್ಮಿಷನ್ ಬೌಂಡರಿಯಲ್ಲಿ (ಒಬ್ಬರಿಗೆ ಹೆಚ್ಚೆಂದರೆ ಎಷ್ಟು ಸಿಗಬಹುದು ಎಂಬ ಮಿತಿ) ಇರಬಹುದು. ದೊಡ್ಡ ಕಂಪನಿಯ ಕೆಳಗಿನ ಅಕೌಂಟ್ ಆದರೆ ಮೇಲಿನವರು ಹಾಕಿದ ಸರ್ವಿಸ್ ಕಂಟ್ರೋಲ್ ಪಾಲಿಸಿಯಲ್ಲೂ ಇರಬಹುದು. ಈ ಕೊನೆಯದು ನಿಮ್ಮ ಅಕೌಂಟ್‌ನ ಒಳಗಿಂದ ತಿದ್ದಲು ಬರುವುದಿಲ್ಲ. ಮುಂಬೈ ಬಿಟ್ಟು ಬೇರೆ ರೀಜನ್ (ಡೇಟಾ ಸೆಂಟರ್‌ಗಳಿರುವ ಪ್ರದೇಶ) ಮುಟ್ಟಬಾರದು ಎಂದು ಮೇಲಿನವರು ಹಾಕಿಟ್ಟಿದ್ದರೆ, ನೀವು ಹೈದರಾಬಾದ್‌ನಲ್ಲಿ ಸರ್ವರ್ ಮಾಡಲು ಹೊರಟಾಗ ಹೀಗೆ ಆಗುತ್ತದೆ. ಹೈದರಾಬಾದ್ ರೀಜನ್ 2022ರಲ್ಲಿ ಬಂದದ್ದು. ಅದು ತಾನಾಗಿ ಆನ್ ಇರುವುದಿಲ್ಲ, ಅಕೌಂಟ್ ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು. ಮಾಡದಿದ್ದರೆ ಟೋಕನ್ ಸರಿ ಇಲ್ಲ ಎಂಬಂಥ ದಾರಿ ತಪ್ಪಿಸುವ ಎರರ್ ಬರುತ್ತದೆ.

ಯಾರೂ ಕೊಟ್ಟಿಲ್ಲ ಎಂಬ ಕಡೆ ಬಂದರೆ, ಎಸ್3ನಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಒಂದು ಸ್ಲಾಶ್ ಮತ್ತು ಒಂದು ಸ್ಟಾರ್. ಪಾಲಿಸಿಯ ರಿಸೋರ್ಸ್ ಸಾಲಿನಲ್ಲಿ ಬಕೆಟ್‌ನ ಹೆಸರು ಮಾತ್ರ ಬರೆದರೆ ಅದು ಬಕೆಟ್‌ಗೆ ಅನ್ವಯ. ಹೆಸರಿನ ಕೊನೆಗೆ ಸ್ಲಾಶ್ ಸ್ಟಾರ್ ಹಾಕಿದರೆ ಅದು ಒಳಗಿನ ಫೈಲ್‌ಗಳಿಗೆ ಅನ್ವಯ. ಪಟ್ಟಿ ನೋಡುವುದು ಬಕೆಟ್‌ನ ಮೇಲಿನ ಕೆಲಸ, ಫೈಲ್ ತೆಗೆಯುವುದು ಮತ್ತು ಹಾಕುವುದು ಒಳಗಿನ ಕೆಲಸ. ಎರಡೂ ಬೇಕಾದರೆ ಎರಡು ಸಾಲೂ ಬೇಕು. ಪಟ್ಟಿ ಕಾಣಿಸುತ್ತದೆ, ಫೈಲ್ ತೆರೆಯುವುದಿಲ್ಲ ಅಂದರೆ ಸ್ಲಾಶ್ ಸ್ಟಾರ್ ಇಲ್ಲ. ಫೈಲ್ ಸೀದಾ ತೆರೆಯುತ್ತದೆ, ಪಟ್ಟಿ ಬರುವುದಿಲ್ಲ ಅಂದರೆ ಬರೀ ಸ್ಲಾಶ್ ಸ್ಟಾರ್ ಮಾತ್ರ ಇದೆ. ಇಷ್ಟು ಚಂದ ಲಕ್ಷಣ ತೋರಿಸುವ ದೋಷ ಬೇರೆ ಇಲ್ಲ, ಆದರೂ ಜನ ಸಿಟ್ಟಿನಲ್ಲಿ ಎಲ್ಲ ಕಡೆ ಬರೀ ಸ್ಟಾರ್ ಹಾಕಿಬಿಡುತ್ತಾರೆ.

ಎಲ್ಲ ಸರಿ ಇದೆ, ಪಟ್ಟಿಯೂ ಬರುತ್ತದೆ, ಫೈಲ್ ತೆರೆಯುವ ಪರ್ಮಿಷನ್ನೂ ಇದೆ, ಆದರೂ ಡಿನೈಡ್. ಆಗ ಆ ಫೈಲ್‌ನ ಪ್ರಾಪರ್ಟಿ ತೆರೆದು ಎನ್‌ಕ್ರಿಪ್ಷನ್ ನೋಡಿ. ಎಡಬ್ಲ್ಯುಎಸ್‌ನ ಬೀಗದ ಸೇವೆಯಾದ ಕೆಎಂಎಸ್‌ನ ಕೀಯಿಂದ ಬೀಗ ಹಾಕಿದ ಫೈಲ್ ಆದರೆ ಆ ಕೀ ಬಳಸುವ ಅನುಮತಿ ಬೇರೆಯೇ ಬೇಕು. ತೆಗೆಯಲು ‘ಡಿಕ್ರಿಪ್ಟ್’, ಹಾಕಲು ‘ಜನರೇಟ್‌ಡೇಟಾಕೀ’. ಎರರ್ ಸಾಲಿನಲ್ಲಿ ಕೆಎಂಎಸ್ ಎಂಬ ಶಬ್ದ ಎಲ್ಲೋ ಸಂದಿಯಲ್ಲಿ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಬೇರೆ ಅಕೌಂಟ್‌ನ ಬಕೆಟ್ ಆದರೆ ಇನ್ನೊಂದು ಕೆಲಸ ಜಾಸ್ತಿ: ಕೊಡುವವರ ಕಡೆಯೂ ಅಲೋ ಬೇಕು, ತೆಗೆದುಕೊಳ್ಳುವವರ ಕಡೆಯೂ ಅಲೋ ಬೇಕು. ಒಂದೇ ಅಕೌಂಟ್ ಒಳಗೆ ಸಾಮಾನ್ಯವಾಗಿ ಒಂದು ಕಡೆ ಇದ್ದರೆ ಸಾಕು.

ಹೋಂಸ್ಟೇ ಸೈಟ್‌ನ ಫೋಟೋಗಳನ್ನು ಹೊಸ ಬಕೆಟ್‌ಗೆ ಹಾಕಿದ ಕೂಡಲೇ ಎಲ್ಲವೂ 403 ಆಗುವುದಕ್ಕೆ ಕಾರಣ ಬೇರೆ. 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳಿಗೆಲ್ಲ ಹೊರಗಿನವರನ್ನು ತಡೆಯುವ ಬ್ಲಾಕ್ ಪಬ್ಲಿಕ್ ಆಕ್ಸೆಸ್ ತಾನಾಗಿ ಆನ್ ಇರುತ್ತದೆ, ಫೈಲ್ ಫೈಲಿಗೆ ಪರ್ಮಿಷನ್ ಕೊಡುವ ಹಳೆ ಎಸಿಎಲ್ ಪದ್ಧತಿ ಆಫ್ ಇರುತ್ತದೆ. ಹಳೆ ಟ್ಯುಟೋರಿಯಲ್ ನೋಡಿ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಆ ಬ್ಲಾಕನ್ನು ಆಫ್ ಮಾಡಿ ಅಂತ ನಾನು ಹೇಳುವುದಿಲ್ಲ. ಬಕೆಟ್ ಮುಚ್ಚಿಯೇ ಇರಲಿ, ಮುಂದೆ ಕ್ಲೌಡ್‌ಫ್ರಂಟ್ (ಫೈಲ್‌ಗಳನ್ನು ಹೊರಗಿನವರಿಗೆ ಹಂಚುವ ಎಡಬ್ಲ್ಯುಎಸ್ ಸೇವೆ) ಇಟ್ಟು ಅದಕ್ಕೆ ಮಾತ್ರ ಓದಲು ಬಿಡಿ. ಅತಿಥಿಗಳ ಆಧಾರ್ ಫೋಟೋಗಳೂ ಅದೇ ಬಕೆಟ್‌ನಲ್ಲಿ ಇರುವ ಸೈಟ್‌ಗಳನ್ನು ನೋಡಿದ ಮೇಲೆ ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಮಳೆಗಾಲದ ಆಕ್ಸೆಸ್ ಎರರ್

ಜೂನ್ ಬಂತೆಂದರೆ ಕರೆಂಟ್ ಹೋಗುವುದು ನಮಗೇನು ಹೊಸತಲ್ಲ. ಆದರೆ ಕರೆಂಟ್ ಹೋದದ್ದಕ್ಕೂ ಕ್ಲೌಡ್‌ನ ಬಾಗಿಲು ಮುಚ್ಚಿದ್ದಕ್ಕೂ ಸಂಬಂಧ ಇದೆ ಎಂದು ಬಹಳ ಜನರಿಗೆ ಹೊಳೆಯುವುದಿಲ್ಲ.

ಮೊದಲನೆಯದು ಐಪಿ. ಸರ್ವರ್‌ನ ಸೆಕ್ಯುರಿಟಿ ಗ್ರೂಪ್‌ನಲ್ಲಿ 22ನೇ ಪೋರ್ಟನ್ನು, ಅಂದರೆ ದೂರದಿಂದ ಸರ್ವರ್ ಒಳಗೆ ಹೋಗುವ ಎಸ್‌ಎಸ್‌ಎಚ್‌ನ ಬಾಗಿಲನ್ನು, ಆಫೀಸಿನ ಐಪಿಗೆ ಮಾತ್ರ ತೆರೆದಿರುತ್ತೀರಿ. ಒಳ್ಳೆಯದೇ. ಆದರೆ ಸಾಮಾನ್ಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿ ಖಾಯಂ ಅಲ್ಲ. ಕಂಪ್ಯೂಟರ್‌ಗಳು ಯುಪಿಎಸ್ ಮೇಲೆ ಓಡುತ್ತಿರುತ್ತವೆ, ಮೂಲೆಯಲ್ಲಿರುವ ರೌಟರ್ ಮಾತ್ರ ಸೀದಾ ಗೋಡೆಯ ಪ್ಲಗ್‌ಗೆ. ಕರೆಂಟ್ ಹೋಗಿ ಬಂದಾಗ ರೌಟರ್ ಹೊಸದಾಗಿ ಎದ್ದು ಹೊಸ ಐಪಿ ತರುತ್ತದೆ, ಬೆಳಿಗ್ಗೆ ಇದ್ದ ಐಪಿ ಬೇರೆ ಯಾರದೋ ಮನೆಗೆ ಹೋಗಿರುತ್ತದೆ. ಎಸ್‌ಎಸ್‌ಎಚ್ ಟೈಮ್‌ಔಟ್. ಸರ್ವರ್ ಬಿದ್ದಿದೆ ಎಂದು ರೀಸ್ಟಾರ್ಟ್ ಮಾಡಲು ಹೊರಡುತ್ತಾರೆ. ಮಾಡಬೇಡಿ. ಬ್ರೌಸರ್‌ನಲ್ಲಿ ನಿಮ್ಮ ಈಗಿನ ಐಪಿ ನೋಡಿ, ಸೆಕ್ಯುರಿಟಿ ಗ್ರೂಪ್‌ನಲ್ಲಿ ಇರುವುದರ ಜೊತೆ ತಾಳೆ ಹಾಕಿ. ಪಾಲಿಸಿಯಲ್ಲಿ ‘ಸೋರ್ಸ್‌ಐಪಿ’ ಷರತ್ತು ಹಾಕಿದ್ದರೂ ಕಥೆ ಇದೇ, ಆದರೆ ಅಲ್ಲಿ ಟೈಮ್‌ಔಟ್ ಬದಲು ಆಕ್ಸೆಸ್ ಡಿನೈಡ್ ಬರುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾರಿದವರಿಗೂ ಇದೇ ಗತಿ. ಐಪಿ ಬದಲಾದಾಗಲೆಲ್ಲ ಹೊಸ ಸಾಲು ಸೇರಿಸುತ್ತಾ ಹೋದರೆ ವರ್ಷಾಂತ್ಯಕ್ಕೆ ಊರಿನ ಅರ್ಧ ಜನರಿಗೆ ಬಾಗಿಲು ತೆರೆದಿಟ್ಟ ಹಾಗೆ. ಸ್ಟಾಟಿಕ್ (ಬದಲಾಗದ) ಐಪಿ ತೆಗೆದುಕೊಳ್ಳಿ, ಅಥವಾ ಎಡಬ್ಲ್ಯುಎಸ್‌ನ ಸೆಷನ್ ಮ್ಯಾನೇಜರ್ ಬಳಸಿ, ಅದಕ್ಕೆ ಹೊರಗಿನಿಂದ ಒಳಬರುವ ಪೋರ್ಟೇ ತೆರೆಯಬೇಕಾಗಿಲ್ಲ. ಮತ್ತೆ ರೌಟರನ್ನೂ ಯುಪಿಎಸ್‌ಗೆ ಹಾಕಿ, ಅದಕ್ಕೇನು ಮಹಾ ಖರ್ಚಿಲ್ಲ.

ಎರಡನೆಯದು ಗಡಿಯಾರ. ಎಡಬ್ಲ್ಯುಎಸ್‌ಗೆ ಹೋಗುವ ಪ್ರತಿ ಮನವಿಯ ಸಹಿಯಲ್ಲೂ ಸಮಯ ಇರುತ್ತದೆ. ನಿಮ್ಮ ಕಂಪ್ಯೂಟರಿನ ಸಮಯಕ್ಕೂ ಎಸ್3ನ ಸಮಯಕ್ಕೂ 15 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ 403. ಹಳೆ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್ ಮೇಲಿನ ಗುಂಡು ಬ್ಯಾಟರಿ ಸತ್ತಿರುತ್ತದೆ, ಕರೆಂಟ್ ಹೋದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಅಷ್ಟು ಹಿಂದೆ ಹೋದರೆ ಒಂದು ಅನುಕೂಲ: ಬ್ರೌಸರ್ ಎಲ್ಲ ಸೈಟ್‌ಗೂ ಸರ್ಟಿಫಿಕೇಟ್ ಎರರ್ ತೋರಿಸುವುದರಿಂದ ಬೇಗ ಗೊತ್ತಾಗುತ್ತದೆ. ಕಷ್ಟ ಇರುವುದು ಕೆಲವೇ ಗಂಟೆ ತಪ್ಪಿದಾಗ. ಸರ್ಟಿಫಿಕೇಟ್‌ಗಳೆಲ್ಲ ಸರಿ, ಬೇರೆ ಸೈಟ್‌ಗಳೆಲ್ಲ ಸರಿ, ಅಪ್‌ಲೋಡ್ ಮಾತ್ರ ಆಗುವುದಿಲ್ಲ. ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇಟ್ಟುಕೊಂಡವರಿಗೆ ಸರಿಯಾಗಿ 5 ಗಂಟೆ 30 ನಿಮಿಷ ತಪ್ಪುತ್ತದೆ, ಯಾಕೆಂದರೆ ಮಷಿನ್‌ನ ಗಡಿಯಾರವನ್ನು ಒಂದು ಯುಟಿಸಿ (ಜಾಗತಿಕ ಸಮಯ) ಎಂದು ಓದುತ್ತದೆ, ಇನ್ನೊಂದು ಭಾರತದ ಸಮಯ ಎಂದು ಓದುತ್ತದೆ. ಇನ್ನು ಕೆಲವರು ಟೈಮ್‌ಝೋನ್ ತಪ್ಪಾಗಿರುವಾಗ ಗಂಟೆಯನ್ನು ಕೈಯಲ್ಲೇ ತಿರುಗಿಸಿ ಗೋಡೆ ಗಡಿಯಾರಕ್ಕೆ ಸರಿಮಾಡುತ್ತಾರೆ. ಮೂಲೆಯಲ್ಲಿ ಕಾಣುವ ಸಮಯ ಸರಿ, ಒಳಗಿನ ಯುಟಿಸಿ ತಪ್ಪು! ಹಾಗಾಗಿ ಮೂಲೆಯ ಗಡಿಯಾರ ನಂಬಬೇಡಿ. ಲಿನಕ್ಸ್‌ನಲ್ಲಿ ‘ಡೇಟ್ -ಯು’ ಹೊಡೆದು ಬರುವ ಸಮಯಕ್ಕೆ ಐದೂವರೆ ಗಂಟೆ ಸೇರಿಸಿ, ಮೊಬೈಲಿನ ಸಮಯ ಬರುತ್ತದಾ ನೋಡಿ. ಆಮೇಲೆ ತಾನಾಗಿ ಸಮಯ ಹೊಂದಿಸಿಕೊಳ್ಳುವ ಆಯ್ಕೆ ಆನ್ ಮಾಡಿ ಬಿಡಿ.

ಸರ್ವರ್ ಒಳಗಿನ ಪರ್ಮಿಷನ್

ಎಸ್‌ಎಸ್‌ಎಚ್‌ನಲ್ಲಿ ‘ಪರ್ಮಿಷನ್ ಡಿನೈಡ್, ಪಬ್ಲಿಕ್ ಕೀ’ ಬಂದರೆ ಮೊದಲು ಯೂಸರ್ ಹೆಸರು. ಎಡಬ್ಲ್ಯುಎಸ್‌ನಲ್ಲಿ ಉಬುಂಟು ಸರ್ವರ್‌ಗೆ ‘ಉಬುಂಟು’, ಅಮೆಜಾನ್ ಲಿನಕ್ಸ್‌ಗೆ ‘ಇಸಿ2-ಯೂಸರ್’, ಡೆಬಿಯನ್‌ಗೆ ‘ಅಡ್ಮಿನ್’. ರೂಟ್ ಎಂದು ಹೋದರೆ ಬಿಡುವುದಿಲ್ಲ. ಕೀ ಫೈಲ್ ಎಲ್ಲರೂ ಓದುವಂತೆ 644 ಇದ್ದರೆ ನಿಮ್ಮ ಕಡೆಯ ಪ್ರೋಗ್ರಾಮೇ ಅದನ್ನು ತಳ್ಳಿಹಾಕುತ್ತದೆ, ಒಡೆಯರು ಮಾತ್ರ ಓದುವ 600 ಮಾಡಿ. ಕೀ ಸರಿ, ಹೆಸರು ಸರಿ, ಆದರೂ ಬಿಡುತ್ತಿಲ್ಲ ಅಂದರೆ ಯಾರೋ ಸರ್ವರ್‌ನಲ್ಲಿ ಹೋಮ್ ಫೋಲ್ಡರ್‌ಗೆ 777 ಹೊಡೆದಿದ್ದಾರಾ ಕೇಳಿ. ಬೇರೆಯವರು ಬರೆಯಬಹುದಾದ ಹೋಮ್ ಇದ್ದರೆ ಎಸ್‌ಎಸ್‌ಎಚ್ ಆ ಕೀಗಳನ್ನು ನಂಬುವುದಿಲ್ಲ. ಅಂದರೆ ಜಾಸ್ತಿ ಪರ್ಮಿಷನ್ ಕೊಟ್ಟದ್ದರಿಂದಲೇ ಬಾಗಿಲು ಮುಚ್ಚಿತು.

ವೆಬ್ ಸರ್ವರ್ ಪ್ರೋಗ್ರಾಂ ಆದ ಎಂಜಿನ್‌ಎಕ್ಸ್‌ನ 403 ಬಂದಾಗ ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ, ಅದರ ಎರರ್ ಲಾಗ್‌ನ ಕೊನೆಯ ಸಾಲು ಓದಿ. ‘ಡೈರೆಕ್ಟರಿ ಇಂಡೆಕ್ಸ್ ಈಸ್ ಫರ್ಬಿಡನ್’ ಎಂದಿದ್ದರೆ ಇಂಡೆಕ್ಸ್ ಫೈಲ್ ಸಿಗಲಿಲ್ಲ ಅಷ್ಟೆ, ಪರ್ಮಿಷನ್ ಸರಿಯೇ ಇದೆ. ‘13: ಪರ್ಮಿಷನ್ ಡಿನೈಡ್’ ಎಂದಿದ್ದರೆ ನಿಜವಾಗಿ ಪರ್ಮಿಷನ್. ಆಗ ಜನ ಫೈಲ್‌ನ ಪರ್ಮಿಷನ್ ಮಾತ್ರ ನೋಡುತ್ತಾರೆ. ಒಳಕೋಣೆಗೆ ಹೋಗಬೇಕಾದರೆ ಚಾವಡಿ ದಾಟಲೇಬೇಕು, ಇಲ್ಲೂ ಹಾಗೆ. ದಾರಿಯ ಪ್ರತಿ ಫೋಲ್ಡರ್‌ನಲ್ಲೂ ವೆಬ್ ಸರ್ವರ್‌ನ ಯೂಸರ್‌ಗೆ ಎಕ್ಸಿಕ್ಯೂಟ್, ಅಂದರೆ ದಾಟಿ ಹೋಗುವ ಪರ್ಮಿಷನ್, ಇರಬೇಕು. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳು 750, ಹೊರಗಿನವರಿಗೆ ಒಳಗೆ ಕಾಲಿಡಲು ಬರುವುದಿಲ್ಲ. ಮೊದಲು ಹೋಮ್ ಒಳಗೆ ಸೈಟ್ ಇಟ್ಟು ಓಡಿಸಿದವರು ಹೊಸ ಸರ್ವರ್‌ಗೆ ಬಂದ ಕೂಡಲೇ ಒದ್ದಾಡುವುದು ಇದಕ್ಕೇ. ‘ನೇಮ್‌ಐ -ಎಲ್’ ಎಂಬ ಕಮಾಂಡ್‌ಗೆ ಫೈಲ್‌ನ ಪೂರ್ತಿ ದಾರಿ ಕೊಟ್ಟರೆ ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನಿಂದ ಕೊನೆಯವರೆಗೆ ಒಂದೊಂದು ಫೋಲ್ಡರ್‌ನ ಪರ್ಮಿಷನ್ ಮತ್ತು ಒಡೆಯರನ್ನು ಸಾಲಾಗಿ ತೋರಿಸುತ್ತದೆ. ಎಲ್ಲಿ ತಡೆದಿದೆ ಎಂದು ಕಣ್ಣಿಗೇ ಕಾಣುತ್ತದೆ. ಸೈಟನ್ನು ‘ವಾರ್’ ಒಳಗಿನ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಫೋಲ್ಡರ್‌ಗೆ ಸಾಗಿಸಿ, ಫೋಲ್ಡರ್ 755, ಫೈಲ್ 644. ರೆಡ್‌ಹ್ಯಾಟ್ ಬಳಗದ ಸರ್ವರ್‌ನಲ್ಲಿ ಇಷ್ಟೆಲ್ಲ ಸರಿ ಇದ್ದೂ 403 ಬಂದರೆ ಎಸ್‌ಇಲಿನಕ್ಸ್, ಅಂದರೆ ಫೈಲ್‌ನ ಲೇಬಲ್ ನೋಡಿ ತಡೆಯುವ ಇನ್ನೊಂದು ಕಾವಲು. ಹೋಮ್‌ನಿಂದ ‘ಎಂವಿ’ ಮಾಡಿ ತಂದ ಫೈಲ್‌ಗೆ ಹಳೆ ಲೇಬಲ್ ಅಂಟಿಕೊಂಡೇ ಬರುತ್ತದೆ. ‘ರಿಸ್ಟೋರ್‌ಕಾನ್’ ಓಡಿಸಿದರೆ ಸಾಕು, ಎಸ್‌ಇಲಿನಕ್ಸನ್ನೇ ಆಫ್ ಮಾಡುವುದು ಬೇಡ.

ಗೂಗಲ್, ಅಝೂರ್ ಇದ್ದವರಿಗೆ

ಗೂಗಲ್ ಕ್ಲೌಡ್‌ನಲ್ಲಿ 403 ಬಂದಾಗ ಆ ಸೇವೆಯ ಎಪಿಐ (ಪ್ರೋಗ್ರಾಂಗಳು ಒಳಗೆ ಹೋಗುವ ಬಾಗಿಲು) ಆನ್ ಇದೆಯಾ ನೋಡಿ, ಆನ್ ಮಾಡದ ಎಪಿಐಗೂ 403 ಬರುತ್ತದೆ. ಹಳೆ ವಿಎಂ (ಕ್ಲೌಡ್‌ನಲ್ಲಿರುವ ಸರ್ವರ್) ಆದರೆ ಅದರ ಸರ್ವಿಸ್ ಅಕೌಂಟ್‌ಗೆ ರೋಲ್ ಕೊಟ್ಟರೂ ವಿಎಂನ ಸ್ಕೋಪ್ (ಅದು ಯಾವ ಎಪಿಐ ಮುಟ್ಟಬಹುದು ಎಂಬ ಮಿತಿ) ಅಡ್ಡ ಬರುತ್ತದೆ, ಅದನ್ನು ಬದಲಿಸಲು ವಿಎಂ ನಿಲ್ಲಿಸಬೇಕು. ಅಲ್ಲಿ ಪಾಲಿಸಿ ಟ್ರಬಲ್‌ಶೂಟರ್ ಎಂಬ ಟೂಲ್ ಇದೆ, ಯಾರು, ಏನು ಎಂದು ಕೊಟ್ಟರೆ ಯಾಕೆ ಇಲ್ಲ ಎಂದು ಅದೇ ಹೇಳುತ್ತದೆ.

ಅಝೂರ್‌ನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ನಾನೇ ಓನರ್, ಬ್ಲಾಬ್ ಫೈಲ್ ಯಾಕೆ ತೆರೆಯುವುದಿಲ್ಲ?" ಬ್ಲಾಬ್ ಅಂದರೆ ಅಝೂರ್‌ನ ಸ್ಟೋರೇಜ್‌ನಲ್ಲಿ ಇಟ್ಟ ಫೈಲ್. ಓನರ್ ಎಂದರೆ ಸ್ಟೋರೇಜ್ ಅಕೌಂಟನ್ನು ನೋಡಿಕೊಳ್ಳುವ ಅಧಿಕಾರ. ನಿಮ್ಮ ಲಾಗಿನ್‌ನಿಂದ ಒಳಗಿನ ಡೇಟಾ ಓದಲು ‘ಸ್ಟೋರೇಜ್ ಬ್ಲಾಬ್ ಡೇಟಾ ರೀಡರ್’ ಎಂಬ ಬೇರೆ ರೋಲ್ ಬೇಕು. ಕೊಟ್ಟ ಮೇಲೆ ಅದು ಜಾರಿಗೆ ಬರಲು 10 ನಿಮಿಷದ ತನಕ ಹಿಡಿಯಬಹುದು. ಗೂಗಲ್‌ನಲ್ಲೂ ಕೆಲವು ನಿಮಿಷ ಬೇಕು. ಕೊಟ್ಟ ಕೂಡಲೇ ಆಗಲಿಲ್ಲ ಎಂದು ಇನ್ನೊಂದು, ಮತ್ತೊಂದು ಸೇರಿಸುತ್ತಾ ಹೋದರೆ ಕೊನೆಗೆ ಯಾವುದರಿಂದ ಸರಿಯಾಯಿತು ಎಂದೇ ಗೊತ್ತಾಗುವುದಿಲ್ಲ. ಒಂದು ಬದಲಾವಣೆ ಮಾಡಿ, ಹೋಗಿ ಒಂದು ಚಾ ಕುಡಿದು ಬನ್ನಿ, ಆಮೇಲೆ ನೋಡಿ.

ನಿನ್ನೆ ಸರಿ ಇತ್ತು ಅಂದರೆ

ಆಗ ಕ್ಲೌಡ್‌ಟ್ರೈಲ್, ಅಂದರೆ ಎಡಬ್ಲ್ಯುಎಸ್‌ನಲ್ಲಿ ಯಾರು ಏನು ಮಾಡಿದರು ಎಂಬ ದಾಖಲೆ. ಕಳೆದ 90 ದಿನಗಳಲ್ಲಿ ಯಾರು ಯಾವ ರೋಲ್, ಯಾವ ಪಾಲಿಸಿ ಬದಲಿಸಿದರು ಎಂಬುದು ಅದರ ಈವೆಂಟ್ ಹಿಸ್ಟರಿಯಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ರೀಜನ್ ಸರಿ ಆರಿಸಿಕೊಳ್ಳಿ. ಯೂಸರ್, ರೋಲ್, ಪಾಲಿಸಿ ನೋಡಿಕೊಳ್ಳುವ ಐಎಎಂನ ಬದಲಾವಣೆಗಳು ಮುಂಬೈಯಲ್ಲಿ ಕಾಣುವುದಿಲ್ಲ, ನಾರ್ತ್ ವರ್ಜೀನಿಯಾದಲ್ಲಿ ಹುಡುಕಬೇಕು. ಬಕೆಟ್ ಒಳಗಿನ ಒಂದೊಂದು ಫೈಲ್ ಯಾರು ತೆಗೆದರು ಎಂಬುದು ಮಾತ್ರ ಇದರಲ್ಲಿ ಬರುವುದಿಲ್ಲ, ಅದನ್ನು ಮೊದಲೇ ದುಡ್ಡು ಕೊಟ್ಟು ಆನ್ ಮಾಡಿಟ್ಟಿರಬೇಕು.

ಎಷ್ಟೋ ಸಲ ಲಾಗ್‌ನಲ್ಲೂ ಉತ್ತರ ಇರುವುದಿಲ್ಲ, ಯಾಕೆಂದರೆ ಲಾಗ್ ನೋಡಲು ಒಳಗೇ ಹೋಗಲು ಆಗುವುದಿಲ್ಲ. ನಮ್ಮ ಊರಿನಲ್ಲಿ ಇದು ಮಾಮೂಲು. ಸೈಟ್ ಮಾಡಿಕೊಟ್ಟ ಹುಡುಗ ಗಲ್ಫ್‌ಗೆ ಹೋಗಿದ್ದಾನೆ, ಅಕೌಂಟ್ ಇರುವುದು ಅವನ ಜಿಮೇಲ್‌ನಲ್ಲಿ, ಪಾಸ್‌ವರ್ಡ್ ಜೊತೆ ಕೇಳುವ ಎಂಎಫ್‌ಎ ಕೋಡ್ ಬರುವುದು ಅವನ ಫೋನಿನ ಆ್ಯಪ್‌ನಲ್ಲಿ. ಇಲ್ಲಿ ಅಂಗಡಿಯವರು ವಾಟ್ಸಾಪ್‌ನಲ್ಲಿ "ಸ್ವಲ್ಪ ಕೋಡ್ ಕಳಿಸು ಮಾರಾಯ" ಎಂದು ಕಾಯುತ್ತಾರೆ, ಆ ಕೋಡ್ 30 ಸೆಕೆಂಡ್‌ಗೆ ಬದಲಾಗುತ್ತದೆ. ಅವನು ಸಿಗುವಾಗಲೇ ರೂಟ್ ಇಮೇಲನ್ನು (ಅಕೌಂಟ್‌ನ ಮುಖ್ಯ ಲಾಗಿನ್) ವ್ಯಾಪಾರದ ಹೆಸರಿನ ಇಮೇಲ್‌ಗೆ ಬದಲಿಸಿ, ಮಾಲೀಕರ ಫೋನ್ ನಂಬರ್ ಹಾಕಿ. ಒಂದು ಯೂಸರ್‌ಗೆ 8 ಎಂಎಫ್‌ಎ ಸಾಧನಗಳ ತನಕ ಸೇರಿಸಬಹುದು, ಇನ್ನೊಬ್ಬರ ಫೋನನ್ನೂ ಸೇರಿಸಿ.

ಅವನ ಹಳೆ ಆಕ್ಸೆಸ್ ಕೀಗಳನ್ನು ಮಾತ್ರ ಅವಸರದಲ್ಲಿ ಡಿಲೀಟ್ ಮಾಡಬೇಡಿ. ಮೊದಲು ಇನ್‌ಆ್ಯಕ್ಟಿವ್ ಮಾಡಿ. ಅದೇ ಕೀ ಹಿಡಿದುಕೊಂಡು ಎಲ್ಲೋ ಒಂದು ಸ್ಕ್ರಿಪ್ಟ್ ಓಡುತ್ತಿದ್ದರೆ ಅದು ನಿಂತು ಯಾರಾದರೂ ಫೋನ್ ಮಾಡುತ್ತಾರೆ, ಆಗ ವಾಪಸ್ ಆನ್ ಮಾಡಿ ಆ ಸ್ಕ್ರಿಪ್ಟ್‌ಗೆ ಅದರದೇ ಹೊಸ ಕೀ ಕೊಡಬಹುದು. ಜಿಎಸ್‌ಟಿ ಲೆಕ್ಕದಂಥ ತಿಂಗಳಿಗೊಮ್ಮೆ ಓಡುವ ಕೆಲಸಗಳು ಇರುವ ಕಡೆ ಒಂದು ತಿಂಗಳಾದರೂ ಹಾಗೆಯೇ ಬಿಟ್ಟು, ಕೊನೆಯ ಬಾರಿ ಬಳಸಿದ ದಿನಾಂಕ ನೋಡಿಕೊಂಡು ಆಮೇಲೆ ಡಿಲೀಟ್ ಮಾಡಿ.